ಶೇಡಿ ಮಣ್ಣಿನ ಮೇಲೆ ಮಾಷ್ಟ್ರ ಮನೆ

ಮಾಷ್ಟ್ರು ನನ್ನ ಮೇಲೆ ಮೊದಲ ಅರ್ಜಿ ಹಾಕಿದ್ದು ಧೂಳಿನ ವಿಷಯಕ್ಕೆ. ಎರಡನೆಯದು ಮೆಷಿನ್ನಿನ ಸದ್ದಿಗೆ. ಮೂರನೆಯದು ನನ್ನ ಲಾರಿಯವನು ಅವರ ಗೇಟಿನ ಎದುರು ಬೇಕೆಂದೇ ಹಾರ್ನ್ ಹೊಡೆಯುತ್ತಾನೆ ಎಂದು. ಇದು ಮಾತ್ರ ನಿಜ, ಹಾಗೆ ಹೊಡೆಯಲು ಹೇಳಿದವನು ನಾನೇ. ಈ ಮೂರಕ್ಕೂ ನಾನು ಬೆಳ್ತಂಗಡಿಯ ಕಚೇರಿಗೆ ಹೋಗಿ, ಬೆಂಚಿನಲ್ಲಿ ಕೂತು, ಉತ್ತರ ಬರೆದುಕೊಟ್ಟು ಬಂದಿದ್ದೆ. ನಾಲ್ಕನೆಯ ಅರ್ಜಿ ಬಂದಾಗ ಮಾತ್ರ ಮೈ ಉರಿಯಿತು. ಕೋರೆಯ ಮೆಷಿನ್ನು ನೆಲ ಅದುರಿಸಿ ತನ್ನ ಮನೆಯ ಗೋಡೆ ಬಿರುಕು ಬಿಟ್ಟಿದೆ, ಕೋರೆಯನ್ನೇ ಮುಚ್ಚಿಸಬೇಕು ಎಂದು ಅದರಲ್ಲಿತ್ತು.

ನನ್ನದು ಕೆಂಪುಕಲ್ಲು ಕಡಿದು ತೆಗೆಯುವ ಕೋರೆ. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಪದವಿನ ಮೇಲೆ. ಪದವು ಎಂದರೆ ನೆತ್ತಿ ಚಪ್ಪಟೆಯಾದ ಗುಡ್ಡ. ಮೇಲೆ ಗಟ್ಟಿ ಕಲ್ಲಿನ ಹೊದಿಕೆ, ಮುಳಿಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ. ಬೆಳೆಯದ ಜಾಗವಾದ್ದರಿಂದಲೇ ಅಲ್ಲಿ ಪೇಟೆ ಬೆಳೆಯಿತು. ಕೆಳಗಿನ ಬೈಲಿನ ಗದ್ದೆಯನ್ನು ಅಂಗಡಿಗೆ ಯಾರೂ ಕೊಡಲಿಲ್ಲ. ಶಾಲೆ, ಪೆಟ್ರೋಲ್ ಪಂಪು, ಮಸೀದಿ, ಮದುವೆ ಹಾಲ್ ಎಲ್ಲ ಪದವು ಹತ್ತಿದವು. ಕಟ್ಟಲು ಕಲ್ಲು ಕಾಲ ಕೆಳಗೇ ಇತ್ತು. ಕಲ್ಲು ತೆಗೆದ ಗುಂಡಿ ಖಾಲಿ ಬಿದ್ದ ಮೇಲೆ ಅದನ್ನೂ ಸೈಟು ಮಾಡಿ ಮಾರಿದರು. ನೆಲ ಸಮತಟ್ಟು, ಮೂರು ಕಡೆ ಗೋಡೆ ತಯಾರು, ಮತ್ತೇನು ಬೇಕು ಎಂಬ ಲೆಕ್ಕ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಹೀಗೆ ಗುಂಡಿಯೊಳಗೆ ಸಂಸಾರ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಮಾಷ್ಟ್ರೂ ಅವರಲ್ಲಿ ಒಬ್ಬರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಷ್ಟ್ರಾಗಿದ್ದು ನಿವೃತ್ತಿಯಾದವರು. ನನ್ನ ಕೋರೆಗೆ ತಾಗಿದ ಹಳೆಯ ಗುಂಡಿಯನ್ನು ಕೊಂಡು, ಅದರ ನೆಲದ ಮೇಲೆ ತಾರಸಿ ಮನೆ ಕಟ್ಟಿ, ಹೆಂಡತಿ, ಮಗಳು, ಮಗಳ ಎರಡು ಸಣ್ಣ ಮಕ್ಕಳೊಂದಿಗೆ ಇದ್ದರು. ಆ ಗುಂಡಿಗೂ ನನ್ನ ಕೋರೆಗೂ ನಡುವೆ ಕಡಿಯದೆ ಬಿಟ್ಟ ಕಲ್ಲಿನ ಗೋಡೆ ಇತ್ತು. ಅವರ ಕಡೆಯಿಂದ ಎದೆಮಟ್ಟ. ನನ್ನ ಕಡೆ ಕಲ್ಲು ಆಳದವರೆಗೆ ಒಳ್ಳೆಯದಿದ್ದ ಕಾರಣ ನಾವು ಇಳಿದಿದ್ದೆವು, ಹಾಗಾಗಿ ನನ್ನ ಕಡೆಯಿಂದ ಎರಡಾಳು ಎತ್ತರ. ದಪ್ಪ ಎಷ್ಟೆಂದರೆ ಮೇಲೆ ಜೀಪು ಓಡಿಸಬಹುದಿತ್ತು. ನಾನು ಆ ಗೋಡೆಯಿಂದ ಒಂದು ಕಲ್ಲೂ ಮುಟ್ಟಿದವನಲ್ಲ.

ಅರ್ಜಿ ವಿಚಾರಿಸಲು ಇಲಾಖೆಯಿಂದ ಭೂವಿಜ್ಞಾನಿ ಬಂದರು. ಗದಗದ ಕಡೆಯ ಹೆಂಗಸು, ತಲೆಗೆ ಟೋಪಿ, ಕೈಯಲ್ಲಿ ಸಣ್ಣ ಸುತ್ತಿಗೆ. ಮೊದಲು ತೆಲಂಗಾಣದಲ್ಲಿ ಕಲ್ಲಿದ್ದಲು ಗಣಿಯಲ್ಲಿದ್ದವರಂತೆ. ನಮಸ್ಕಾರಕ್ಕೆ ನಮಸ್ಕಾರ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಬಂದವರೇ ಗೋಡೆಯ ಎರಡೂ ಬದಿ ಟೇಪು ಹಿಡಿಸಿದರು, ಅಲ್ಲಲ್ಲಿ ಬಡಿದು ನೋಡಿದರು.

"ಇದ್ದಲು ಗಣಿಯೊಳಗ ಮೇಲಿನ ಭಾರ ಹೊರಾಕ ಕಂಬ ಬಿಡ್ತೀವ್ರಿ. ನೀವು ಗೋಡಿ ಬಿಟ್ಟೀರಿ, ಅಳತಿ ಸರಿ ಐತಿ" ಎಂದರು.

"ಹಾಗಾದ್ರೆ ಅರ್ಜಿ ಸುಳ್ಳು ಅಂತ ಬರೀರಿ" ಎಂದೆ.

"ಏನ್ ಬರೀಬೇಕು ಅಂತ ನಂಗ ಗೊತ್ತೈತಿ."

ಮಾಷ್ಟ್ರು ಗೋಡೆಯ ಆ ಕಡೆಯಿಂದ ತಲೆ ಎತ್ತಿ, "ಮೇಡಂ, ಅವರ ಮಾತು ಕೇಳಿ ಹೋಗ್ಬೇಡಿ, ಮನೆ ನೋಡಿ" ಎಂದರು. ನನ್ನ ಹೆಸರು ಹೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ.

ಮನೆಯ ಬಿರುಕು ನನ್ನ ಕೋರೆಯ ಬದಿಯ ಮೂಲೆಯಲ್ಲೇ ಇತ್ತು. ಬುಡದಿಂದ ಕಿಟಕಿಯವರೆಗೆ ಓರೆಯಾಗಿ ಹತ್ತಿತ್ತು, ಬೆರಳು ತೂರುವಷ್ಟು. ಮಾಷ್ಟ್ರು ಗೆದ್ದವರ ಮುಖ ಮಾಡಿಕೊಂಡು ನಿಂತಿದ್ದರು. ಮೇಡಂ ಬಿರುಕನ್ನು ಒಮ್ಮೆ ನೋಡಿ ನೆಲ ನೋಡತೊಡಗಿದರು. ಮೂಲೆಯಿಂದ ನಾಲ್ಕು ಹೆಜ್ಜೆಯಲ್ಲಿ ಒಂದು ಗುಂಡಿ, ಅದರ ತುಂಬ ಜಲ್ಲಿ, ಮೇಲೆ ತಾರಸಿಯಿಂದ ಇಳಿದ ಪೈಪು.

"ಇದೇನ್ರಿ?"

"ಇಂಗುಗುಂಡಿ" ಎಂದರು ಮಾಷ್ಟ್ರು. ಮಳೆನೀರು ಇಂಗಿಸಿ ಎಂದು ಎಲ್ಲ ಕಡೆ ಹೇಳುವ ಕಾಲದಲ್ಲಿ ಅವರು ಪೇಟೆಗೇ ಮೊದಲು ಮಾಡಿಸಿದ್ದರು. ಪಂಚಾಯತಿನಲ್ಲಿ ಶಾಲು ಹಾಕಿದ್ದರು, ಶಾಲೆಯ ಮಕ್ಕಳು ಬಂದು ನೋಡಿ ಹೋಗಿದ್ದರು. "ನೆಲ ಪೂರ್ತಿ ಕಲ್ಲು ಮೇಡಂ, ನೀರು ಇಳಿಯುವುದೇ ಇಲ್ಲ. ಕಲ್ಲು ಒಡೆಸಿ ಬಿಳಿ ಮಣ್ಣು ಸಿಗುವವರೆಗೆ ಇಳಿಸಿದೆ. ಎಷ್ಟು ನೀರು ಕೊಟ್ರೂ ಈಗ ಕುಡಿತದೆ."

ಮೇಡಂ ಬಗ್ಗಿ ಜಲ್ಲಿ ಸರಿಸಿ ನೋಡಿದರು. ಆ ಬಿಳಿ ಮಣ್ಣಿಗೆ ನಾವು ಶೇಡಿ ಎನ್ನುವುದು. ಕೆಂಪುಕಲ್ಲಿನ ಅಡಿಯಲ್ಲೆಲ್ಲ ಅದೇ ಇರುವುದು. ಒಣಗಿದ್ದರೆ ಹಾರೆಗೂ ಬಗ್ಗದು, ನೀರು ಸೇರಿದರೆ ಗಂಜಿಯಾಗಿ ಹರಿಯುತ್ತದೆ. ಕೋರೆಯಲ್ಲಿ ಶೇಡಿ ಕಂಡ ದಿನ ಮೆಷಿನ್ ಎತ್ತುವುದು ಎಲ್ಲರೂ ಪಾಲಿಸುವ ಕ್ರಮ. ಈ ಮಹಾರಾಯರು ಅದರ ಮೇಲಿದ್ದ ಕಲ್ಲಿನ ಮುಚ್ಚಳವನ್ನು ಒಡೆದು, ಮನೆಯ ಬುಡದಲ್ಲೇ, ಮಳೆಗಾಲ ಪೂರ್ತಿ ಅದಕ್ಕೆ ನೀರು ಕುಡಿಸಿ ಶಾಲು ಹಾಕಿಸಿಕೊಂಡಿದ್ದರು.

"ಇದನ್ನ ಮುಚ್ಚಸ್ರಿ. ಮಳಿ ಹಿಡಿಯೋದ್ರೊಳಗ" ಎಂದರು ಮೇಡಂ.

"ನಾನು ಅರ್ಜಿ ಕೊಟ್ಟದ್ದು ಕೋರೆಯ ಮೇಲೆ. ಇಂಗುಗುಂಡಿಯ ಮೇಲೆ ಅಲ್ಲ" ಎಂದರು ಮಾಷ್ಟ್ರು.

ನನಗೆ ನಗು ಬಂತು, ಜೋರಾಗಿಯೇ ನಕ್ಕೆ. ಮೇಡಂ ನನ್ನ ಕಡೆ ತಿರುಗಿ, "ನಗಬ್ಯಾಡ್ರಿ. ಆ ನೀರು ಇಳಿದು ಎಲ್ಲಿಗೆ ಹೋಗ್ತದ? ನಿಮ್ಮ ಗೋಡಿ ಬುಡಕ್ಕೇ" ಎಂದರು. ಹೋಗುವಾಗ ಹಳೆಯ ಗುಂಡಿಯಿಂದ ನೀರು ಹೊರಹೋಗುವ ತೋಡು ಎಲ್ಲಿ ಎಂದೂ ಕೇಳಿದರು. ಮೊದಲು ಕಲ್ಲು ತೆಗೆದವನು ರಸ್ತೆಯ ಕಡೆಗೆ ಒಳ್ಳೆಯ ಅಗಲದ ತೋಡು ಕಡಿದು ಬಿಟ್ಟಿದ್ದ. ರಸ್ತೆ ಬದಿಗೆ ಬೆಲೆ ಬಂದ ಮೇಲೆ ಮಾಷ್ಟ್ರು ಅದರ ಮೇಲೆ ಅಂಗಡಿ ಕೋಣೆ ಕಟ್ಟಿ ಬೇಕರಿಯವನಿಗೆ ಕೊಟ್ಟಿದ್ದರು. ತೋಡು ಇದ್ದಲ್ಲಿ ಒಂದು ಪೈಪು ಉಳಿದಿತ್ತು.

ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ದಿನ ಕಳೆದು, ಕೋರೆಯ ಕೆಲಸ ನಿಲ್ಲಿಸುವ ಹೊತ್ತು ಬಂತು. ಮೂಡುಬಿದಿರೆಯಲ್ಲಿ ಒಂದು ಮದುವೆ ಹಾಲ್ ಕಟ್ಟುವ ಕೆಲಸಕ್ಕೆಂದು ಒಂದನೇ ನಂಬ್ರದ ಕಲ್ಲು ಕಡಿಸಿ ಕೋರೆಯೊಳಗೇ ಒಂದರ ಮೇಲೊಂದು ಪೇರಿಸಿ ಅಟ್ಟಿ ಕಟ್ಟಿಸಿದ್ದೆ. ಕಳುಹಿಸಿದರೆ ಆ ವರ್ಷದ ಕೆಲಸ ಮುಗಿದಂತೆ. ಅಷ್ಟರಲ್ಲಿ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಇಂಗುಗುಂಡಿ ಹಾಗೇ ಇತ್ತು. ಮುಚ್ಚಿದರೆ ನನ್ನ ಎದುರು ಸೋತಂತೆ ಎಂದು ಅವರಿಗೆ ಅನಿಸಿರಬೇಕು. ಅವರ ಜಾಗದಲ್ಲಿ ನಾನಿದ್ದರೂ ಮುಚ್ಚುತ್ತಿರಲಿಲ್ಲವೋ ಏನೋ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೊರಟವನು ಕೋರೆಗೆ ಒಮ್ಮೆ ಇಣುಕಿದೆ. ಮಳೆಗಾಲದಲ್ಲಿ ಕೋರೆಯ ನೀರು ಕೆಂಪಗಿರುತ್ತದೆ. ಆ ದಿನ ಗೋಡೆಯ ಬುಡದಲ್ಲಿ ಒಂದು ಕಡೆ, ಕೈತೋರಿಸಿ ಹೇಳುವಷ್ಟು ಜಾಗದಲ್ಲಿ, ಮಜ್ಜಿಗೆಯ ಬಣ್ಣದ ನೀರು ಸಣ್ಣಗೆ ಉಕ್ಕುತ್ತಿತ್ತು. ನಮಾಜು ಮುಗಿಸಿ ಓಡಿ ಬಂದರೆ ಅದು ಇನ್ನೂ ಸ್ವಲ್ಪ ದಪ್ಪವಾಗಿತ್ತು. ಗೋಡೆ ಹತ್ತಿ ಆ ಕಡೆ ನೋಡಿದೆ. ಪೈಪು ಕಸ ಕಟ್ಟಿ ಮುಚ್ಚಿ, ಮಾಷ್ಟ್ರ ಗುಂಡಿಯಲ್ಲಿ ಮೊಣಕಾಲಿಗಿಂತ ಮೇಲೆ ನೀರು ನಿಂತಿತ್ತು. ಮನೆಯ ಮೆಟ್ಟಿಲು ಮುಳುಗಿತ್ತು. ಮೊಮ್ಮಕ್ಕಳು ಜಗಲಿಯಲ್ಲಿ ಕಾಗದದ ದೋಣಿ ಬಿಡುತ್ತಿದ್ದರು.

ನಾನು ಮೇಡಮ್ಮಿಗೆ ಫೋನು ಮಾಡಿದೆ. ಪ್ರೀತಿಯಿಂದಲ್ಲ. ಗೋಡೆ ಹೋದರೆ ಇಲ್ಲಿ ನನ್ನ ಹೆಸರು ಒಂದೇ ಹೇಳುತ್ತಾರೆ ಎಂದು. ಅವರು ಬೆಳ್ತಂಗಡಿಯಲ್ಲೇ ಇದ್ದರು, ಒಂದು ತಾಸಿನೊಳಗೆ ಬಂದರು. ನೀರನ್ನು ಅಂಗೈಯಲ್ಲಿ ಹಿಡಿದು ಬೆರಳಲ್ಲಿ ಉಜ್ಜಿ ನೋಡಿದರು.

"ಒಳಗಿಂದ ಮಣ್ಣು ಬರಾಕ್ಹತ್ತೇತಿ. ಆ ಕಡಿ ನೀರು ಇಳಿಸಬೇಕು. ಬೇಕರಿ ನೆಲ ಒಡದು ತೋಡು ತಗೀರಿ."

ಮಾಷ್ಟ್ರು ಪಂಚೆ ಎತ್ತಿ ಕಟ್ಟಿ ನೀರಲ್ಲೇ ನಿಂತಿದ್ದರು. "ಅಂಗಡಿ ಒಡೆಯುವುದಿಲ್ಲ. ಅದು ಮಗಳ ಹೆಸರಲ್ಲಿ ಉಂಟು, ಅದರ ಮೇಲೆ ಅವಳ ಜೀವನ ಉಂಟು. ನೀರಿಗೆ ದಾರಿ ಬೇಕಾದ್ರೆ ಇವರ ಗೋಡೆ ಕಡೀಲಿ. ಇವರ ಹತ್ರ ಮೆಷಿನ್ ಉಂಟಲ್ಲ."

"ನನ್ನ ಕೋರೆ ತುಂಬುವುದಕ್ಕಾ? ಅಲ್ಲಿ ನನ್ನ ಕಲ್ಲು ಉಂಟು, ಮೆಷಿನ್ ಉಂಟು."

"ನನ್ನ ಮನೆಯಲ್ಲಿ ಮಕ್ಕಳುಂಟು."

ಮೊದಲು ಮಕ್ಕಳನ್ನು ಕಳುಹಿಸಿ ಎಂದೆ. ಅವರ ಹೆಂಡತಿ, ಮಗಳು, ಮಕ್ಕಳು ಮೇಲಿನ ರಸ್ತೆಗೆ ಹತ್ತಿ, ಯಾರದೋ ಮನೆಯ ಜಗಲಿ ಸೇರಿದರು. ಮಾಷ್ಟ್ರು ಮಾತ್ರ ಹೋಗಲಿಲ್ಲ. "ನಾನು ಹೊರಗೆ ಬಂದ ಕೂಡಲೇ ಇವರು ಗೋಡೆ ಬೀಳಿಸ್ತಾರೆ" ಎಂದು ಮೇಡಮ್ಮಿನ ಹತ್ತಿರ ಹೇಳಿದರು. ನಾನು ಅಲ್ಲೇ ಇದ್ದೆ.

ಅಂಗಡಿ ಒಡೆಯಲು ಅವರು ಒಪ್ಪಲಿಲ್ಲ, ಗೋಡೆ ತಾನಾಗಿ ಬಿದ್ದರೆ ನನಗೇ ಹೆಚ್ಚು ನಷ್ಟ, ಹಾಗಾಗಿ ಕೊನೆಗೆ ಗೋಡೆಯನ್ನೇ ಕಡಿಯುವುದೆಂದಾಯಿತು. ಒಂದೇ ಸಲ ಒಡೆದರೆ ನೀರು ನುಗ್ಗಿ ಗೋಡೆಯನ್ನೇ ಹೊತ್ತೊಯ್ಯುತ್ತದೆ. ಹಾಗಾಗಿ ಬಾಗಿಲಿನಷ್ಟು ಅಗಲಕ್ಕೆ ಮೇಲಿನಿಂದ ಒಂದೊಂದೇ ಸಾಲು ಕಲ್ಲು ತೆಗೆದು, ನೀರು ಅಷ್ಟಷ್ಟೇ ಇಳಿಯಲು ಬಿಡಬೇಕು. ಗೋಡೆಯ ನೆತ್ತಿಯಲ್ಲಿ ಹಳಿ ಹಾಸಿ, ಅದರ ಮೇಲೆ ಮೆಷಿನ್ ಏರಿಸಿದೆವು. ಮಾಮೂಲು ಕೆಲಸದ ಹಾಗೆಯೇ ಬ್ಲೇಡು ಉದ್ದಕ್ಕೆ ಸೀಳಿತು, ಮತ್ತೆ ಅಡ್ಡಕ್ಕೆ. ನಮ್ಮವರು ಹಾರೆ ಕೊಟ್ಟು ಕಲ್ಲೆಬ್ಬಿಸಿ ಬದಿಗಿಟ್ಟರು. ಮೊದಲ ಸಾಲು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದು ತೆಗೆದಾಗ ಮಾಷ್ಟ್ರ ಕಡೆಯ ನೀರು ಇಣುಕಿ ನನ್ನ ಕೋರೆಗೆ ಸುರಿಯತೊಡಗಿತು. ಕೆಂಪು ನೀರು. ನೋಡಿ ಸಮಾಧಾನವಾಯಿತು.

ನಾಲ್ಕನೆಯ ಸಾಲಿಗೆ ಬ್ಲೇಡು ಇಳಿಸಿದ್ದೇ ತಡ, ಅದು ಕಚ್ಚಿಕೊಂಡಿತು. ಆಪರೇಟರ್ ಮೆಷಿನ್ ಆಫ್ ಮಾಡಿ ಹಳಿ ನೋಡಿದ. ಒಂದು ಬದಿ ತಗ್ಗಿತ್ತು.

"ಕಾಕ, ಹಳಿ ಜಾರಿದ್ದಲ್ಲ. ಕೆಳಗಿನ ಕಲ್ಲೇ ಕೂತಿದೆ" ಎಂದ.

ಕೆಳಗೆ ಬಗ್ಗಿ ನೋಡಿದರೆ ಗೋಡೆಯ ಬುಡದಲ್ಲಿ ಬಿಳಿ ನೀರು ಈಗ ಒಂದು ಕಡೆ ಅಲ್ಲ, ಮೂರು ಕಡೆ. ಬೊಗಸೆ ಬೊಗಸೆ ಶೇಡಿ ಹೊರಗೆ ಬಂದು ಗುಡ್ಡೆಯಾಗುತ್ತಿತ್ತು. ನಾವು ಮೇಲಿನ ನೀರು ಇಳಿಸುವುದಕ್ಕಿಂತ ಬೇಗ ಅಡಿಯ ಮಣ್ಣು ಜಾರುತ್ತಿತ್ತು. ಮೆಷಿನ್ನಿನ ಅದುರಾಟ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತಿತ್ತು. ಆ ಕಡೆ ಮನೆಯ ಮೂಲೆಯ ಕಿಟಕಿಯ ಗಾಜು ಟಣ್ ಎಂದು ಒಡೆದದ್ದು ನಮಗೆಲ್ಲ ಕೇಳಿತು.

ಮೇಡಂ ಎಲ್ಲರನ್ನೂ ಗೋಡೆಯಿಂದ ಇಳಿಸಿದರು. ದೊಡ್ಡ ಯಂತ್ರ ತರಿಸಬೇಕು, ತಹಶೀಲ್ದಾರರಿಗೆ ಹೇಳಬೇಕು, ಅಲ್ಲಿಯವರೆಗೆ ದೂರ ನಿಲ್ಲಿ ಎಂದರು. ನಿಯಮದ ಪ್ರಕಾರ ಸರಿ. ಆದರೆ ಯಂತ್ರ ಬರುವವರೆಗೆ ಗೋಡೆ ಕಾಯುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಬುಡಕ್ಕೆ ಭಾರ ಬೇಕಿತ್ತು, ಆಗಲೇ ಬೇಕಿತ್ತು, ಮತ್ತು ಕೋರೆಯಲ್ಲಿ ಇದ್ದ ಭಾರವೆಂದರೆ ನನ್ನ ಕಲ್ಲು. ಗೋಡೆಯಿಂದ ಹತ್ತು ಮಾರು ದೂರದಲ್ಲಿ ಅಟ್ಟಿ ಕಟ್ಟಿ ನಿಂತಿತ್ತು, ಮೂಡುಬಿದಿರೆಗೆ ಹೋಗಲು. ಒಂದೊಂದೂ ನಾನೇ ಬಡಿದು ಸದ್ದು ನೋಡಿ ಆರಿಸಿದ ಕಲ್ಲು. ಮಣ್ಣಿಗೆ ಹಾಕಿದರೆ ಮತ್ತೆ ಕಟ್ಟಡಕ್ಕಾಗುವುದಿಲ್ಲ. ಯಾರಿಗಾಗಿ? ನನ್ನ ಹೊಟ್ಟೆಗೆ ನಾಲ್ಕು ಸಲ ಹೊಡೆದ ಮನುಷ್ಯನಿಗಾಗಿ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಗೋಡೆಯ ಕಡಿದ ಜಾಗದಿಂದ ಮಾಷ್ಟ್ರ ಮುಖ ಕಾಣುತ್ತಿತ್ತು. ಕೂಗಿದೆ.

"ಮಾಷ್ಟ್ರೇ, ನನ್ನ ಅಟ್ಟಿಯ ಕಲ್ಲು ಪೂರ್ತಿ ಈ ಬುಡಕ್ಕೆ ಹಾಕ್ತೇನೆ. ಆದ್ರೆ ನಿಮ್ಮ ಕಡೆಯ ನೀರು ನಿಲ್ಲದಿದ್ರೆ ಅದೂ ಹೋಗ್ತದೆ. ನೀವು ಬೇಕರಿಯ ನೆಲ ಒಡೆಯುವುದಾದ್ರೆ ಮಾತ್ರ ನಾನು ಮೊದಲ ಕಲ್ಲು ಎತ್ತುವುದು."

"ಹೆದರಿಸುವುದಾ ನನ್ನನ್ನು?"

"ಹೌದು, ಹೆದರಿಸುವುದೇ. ಹೆದರಿ ಮಾರಾಯ್ರೆ ಒಮ್ಮೆ."

ಅವರು ಮನೆಯನ್ನು ನೋಡಿದರು. ಮೂಲೆಯ ಬಿರುಕಿನಲ್ಲಿ ಈಗ ಕೈ ಹೋಗುತ್ತಿತ್ತು. ತಿರುಗಿ ನೀರಲ್ಲಿ ನಡೆದು ಹೋದರು. ಓಡಿಹೋದರು ಎಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿನಲ್ಲಿ ರಸ್ತೆಯ ಕಡೆಯಿಂದ ಬೇಕರಿಯವನ ಬೊಬ್ಬೆ ಕೇಳಿತು, ಅದರ ಹಿಂದೆಯೇ ಸಿಮೆಂಟು ನೆಲಕ್ಕೆ ಹಾರೆ ಬೀಳುವ ಸದ್ದು. ಪಿ.ಟಿ. ಮಾಷ್ಟ್ರ ತೋಳು, ವಯಸ್ಸಾದರೂ ತೋಳೇ. ತಾಳ ತಪ್ಪದೆ ಬೀಳುತ್ತಿತ್ತು.

ನಾವು ಕಲ್ಲು ಹೊರಲು ಶುರು ಮಾಡಿದೆವು. ಮೊದಲ ಕಲ್ಲನ್ನು ನಾನೇ ಹೊತ್ತು ಬಿಳಿ ನೀರಿನ ಬಾಯಿಗೆ ಇಡಲು ಹೋದರೆ ಮೇಡಂ ಅಡ್ಡ ನಿಂತರು.

"ದೊಡ್ಡ ಕಲ್ಲು ಮೊದಲು ಇಡಬ್ಯಾಡ್ರಿ. ಸಂದಿಯೊಳಗಿಂದ ಮಣ್ಣು ಹಂಗೇ ಹೊರಗ ಬರ್ತೈತಿ. ಮೊದಲು ಹುಡಿ, ಆಮ್ಯಾಲ ಚೂರು, ಆಮ್ಯಾಲ ಕಲ್ಲು. ನೀರು ಹೊರಗ ಬರಲಿ, ಮಣ್ಣು ಒಳಗ ಉಳೀಲಿ."

"ದೂರ ನಿಲ್ಲಿ ಅಂದವರು ನೀವೇ."

"ಅಂದೆ. ಈಗ ನೀವು ನಿಂತೀರಲ್ಲ. ನಿಂತವರು ಸರಿ ಮಾಡ್ರಿ."

ಆ ಹೆಂಗಸನ್ನು ನಾನು ಇವತ್ತಿಗೂ ಇಷ್ಟಪಡುವುದಿಲ್ಲ. ಆದರೆ ಹೇಳಿದ್ದು ಸರಿಯಿತ್ತು. ಬ್ಲೇಡಿನಿಂದ ಉದುರಿದ ಕಲ್ಲಿನ ಹುಡಿ ಕೋರೆಯ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಬುಟ್ಟಿಯಲ್ಲಿ ತುಂಬಿ ತಂದು ಸುರಿದೆವು. ಮೊದಲಿನ ಬುಟ್ಟಿಗಳನ್ನು ನೀರು ತೊಳೆದು ಒಯ್ದಿತು. ಅಕ್ಕಿಯ ಗೋಣಿಗೆ ತುಂಬಿಸಿ ಇಟ್ಟಾಗ ನಿಂತಿತು. ಅದರ ಮೇಲೆ ಒಡೆದ ಚೂರು, ಅದರ ಮೇಲೆ ಆರಿಸಿದ ಕಲ್ಲು, ಗೋಡೆಗೆ ಒರಗಿಸಿ ಮೆಟ್ಟಿಲು ಮೆಟ್ಟಿಲಾಗಿ. ಮೇಡಂ ಟೋಪಿ ಬಿಸಾಡಿ ಗೋಣಿಯ ಬಾಯಿ ಹಿಡಿದರು. ಯಾರೂ ಯಾರೊಂದಿಗೂ ಒಳ್ಳೆಯ ಮಾತಾಡಲಿಲ್ಲ. ಆಪರೇಟರ್ ನನಗೆ ಬೈದ, ನಾನು ಮಳೆಗೆ ಬೈದೆ.

ಅಟ್ಟಿ ಅರ್ಧ ಕರಗಿದಾಗ ಗೋಡೆಯ ಕಡಿದ ಬಾಯಿಂದ ಸುರಿಯುತ್ತಿದ್ದ ನೀರು ಸಣ್ಣಗಾಯಿತು, ಮತ್ತೆ ನಿಂತಿತು. ಮಾಷ್ಟ್ರ ತೋಡು ಬಾಯಿ ಬಿಟ್ಟಿತ್ತು. ಬುಡದಲ್ಲಿ ಕಲ್ಲುಗಳ ಸಂದಿಯಿಂದ ನೀರು ಬರುತ್ತಲೇ ಇತ್ತು, ಆದರೆ ನೋಡುನೋಡುತ್ತ ಅದರ ಬಿಳಿ ಹೋಯಿತು. ಕತ್ತಲಾಗುವ ಮೊದಲು ಮೇಡಂ ಮತ್ತೆ ಅಂಗೈಯಲ್ಲಿ ಹಿಡಿದು ನೋಡಿ, ನನಗೂ ತೋರಿಸಿದರು. ಅಂಗೈಯ ಗೆರೆ ಕಾಣುತ್ತಿತ್ತು. ಗೋಡೆ ನಿಂತಿತು. ಒಂದು ಮೂಲೆ ತಗ್ಗಿಸಿಕೊಂಡು ಮನೆಯೂ ನಿಂತಿತು.

ಧನ್ಯವಾದದ ಮಾತು ಬರಲಿಲ್ಲ, ಐದನೆಯ ಅರ್ಜಿ ಬಂತು. ಗೋಡೆ ಕಡಿಯುವ ಮೆಷಿನ್ನಿನಿಂದ ತನ್ನ ಕಿಟಕಿ ಒಡೆಯಿತು ಎಂದು. ಮೇಡಂ ವರದಿ ಬರೆದರು: ಇಂಗುಗುಂಡಿ ಮುಚ್ಚಬೇಕು, ತೋಡು ತೆರೆದೇ ಇರಬೇಕು, ಗೋಡೆಯ ಬುಡದ ಕಲ್ಲಿನ ರಾಶಿ ಶಾಶ್ವತವಾಗಿ ಅಲ್ಲೇ ಇರಬೇಕು. ರಾಶಿ ಅಲ್ಲೇ ಇದ್ದರೆ ಅದರ ಸುತ್ತ ಕಲ್ಲು ಕಡಿಯುವ ಹಾಗಿಲ್ಲ, ಉಳಿದ ಒಳ್ಳೆಯ ಕಲ್ಲೆಲ್ಲ ಇದ್ದದ್ದು ಅಲ್ಲೇ. ಎಂದರೆ ನನ್ನ ಕೋರೆ ಮುಗಿಯಿತು. ಮಾಷ್ಟ್ರು ನಾಲ್ಕು ಅರ್ಜಿಯಲ್ಲಿ ಮಾಡಲಾಗದ್ದನ್ನು ನಾನೇ ಕಲ್ಲು ಹೊತ್ತು ಮಾಡಿಕೊಟ್ಟೆ. ಮೂಡುಬಿದಿರೆಯವರು ಬೇರೆ ಕಡೆಯಿಂದ ಕಲ್ಲು ತರಿಸಿದರು. ನಾನು ಈಗ ವೇಣೂರಿನ ಹತ್ತಿರ ಬೇರೆ ಪದವಿನಲ್ಲಿ ಕಲ್ಲು ಕಡಿಸುತ್ತೇನೆ.

ಮರುವರ್ಷ, ಮಳೆ ಹಿಡಿಯುವ ಮೊದಲು, ಲಾರಿ ತೆಗೆದುಕೊಂಡು ಹಳೆಯ ಕೋರೆಗೆ ಹೊರಟೆ. ಅರ್ಧ ದಾರಿಯಲ್ಲಿ ಸ್ಕೂಟರ್ ಅಡ್ಡ ನಿಲ್ಲಿಸಿ ಮಾಷ್ಟ್ರು ನಿಂತಿದ್ದರು. ಮಾರ್ಗದಲ್ಲಿ ನನ್ನ ಲಾರಿ ತಿರುಗಿದ್ದನ್ನು ನೋಡಿ ಬಂದಿರಬೇಕು, ಉಸಿರು ಏರಿತ್ತು.

"ಆ ರಾಶಿಯಿಂದ ಒಂದು ಕಲ್ಲು ಅಲುಗಿದ್ರೆ ನಾನು ಸುಮ್ಮನಿರುವುದಿಲ್ಲ ಸಾಹೇಬ್ರೇ. ಕೇಸು ಹಾಕ್ತೇನೆ."

"ಕಲ್ಲು ನನ್ನದು."

"ಕಲ್ಲು ನಿಮ್ಮದೇ ಇರ್ಲಿ. ಅದು ಅಲ್ಲೇ ಇರ್ಬೇಕು. ನಾನು ದಿನಾ ಬೆಳಿಗ್ಗೆ ಬಂದು ನೋಡ್ತೇನೆ, ಒಂದೊಂದೂ ನನಗೆ ಗುರುತುಂಟು."

ಇದೇ ಮನುಷ್ಯ ನನ್ನನ್ನೂ ನನ್ನ ಕಲ್ಲನ್ನೂ ಈ ಪದವಿನಿಂದ ಓಡಿಸಲು ಕಚೇರಿಯ ಮೆಟ್ಟಿಲು ಸವೆಸಿದವರು. ಡ್ರೈವರಿಗೆ ಹಿಂದಿನ ಟರ್ಪಾಲು ಎಳೆಯಲು ಹೇಳಿದೆ. ಲಾರಿ ತುಂಬ ಕಲ್ಲಿತ್ತು. ಹೊಸ ಕೋರೆಯದು. ಮೊದಲ ವರ್ಷ ರಾಶಿ ಕೂರುತ್ತದೆ, ಕೂತಲ್ಲಿ ಮಳೆಯ ಮೊದಲು ತುಂಬಿಸಬೇಕು ಎಂದು ಆ ಮೇಡಂ ವರದಿಯ ಕೊನೆಯಲ್ಲಿ ಬರೆದಿದ್ದರು. ಯಾರು ತುಂಬಿಸಬೇಕು ಎಂದು ಬರೆದಿರಲಿಲ್ಲ. ನಾನಿಟ್ಟ ಕಲ್ಲು ಜಾರಿತು ಎಂದು ಈ ಮನುಷ್ಯ ಆರನೆಯ ಅರ್ಜಿ ಬರೆಯುವುದು ನನಗೆ ಬೇಡವಿತ್ತು.

ಮಾಷ್ಟ್ರು ಕಲ್ಲು ನೋಡಿದರು. ಸ್ಕೂಟರನ್ನು ತಳ್ಳಿ ಬದಿಗೆ ಹಾಕಿದರು. ನಾವು ಇಳಿಸಿ ಜೋಡಿಸುವವರೆಗೂ ಕೈಕಟ್ಟಿ ಅಲ್ಲೇ ನಿಂತಿದ್ದರು, ಮೈದಾನದಲ್ಲಿ ಹುಡುಗರ ಸಾಲು ನೋಡುವ ಹಾಗೆ.

"ಆ ಮೂಲೆಯಲ್ಲಿ ಇನ್ನೂ ತಗ್ಗು ಉಂಟು" ಎಂದರು ಕೊನೆಗೆ.

"ನನಗೂ ಕಣ್ಣುಂಟು ಮಾಷ್ಟ್ರೇ" ಎಂದು, ಆ ಮೂಲೆಗೆ ಇನ್ನೆರಡು ಕಲ್ಲು ಇಟ್ಟೆ.